ಸೀಟ್ ಮೋಟಾರ್ ಹೊಸದಾ, ಗುಜರಿಯದಾ? ಎರಡೂ ಬೇಡ, ಮೊದಲು ಅರ್ಥ್ ನೋಡಿ

ಕಾರಿನ ಬಟನ್ ಸೀಟ್ ಕೆಟ್ಟಿದೆ, ಹೊಸ ಮೋಟಾರ್ ಹಾಕಿಸಲಾ, ಗುಜರಿಯದಾ ಅಂತ ಕೇಳಿದ್ದೀರಿ. ಯಾವ ಮೋಟಾರನ್ನೂ ತಗೋಬೇಡಿ. ಹೊಸದೂ ಬೇಡ, ಗುಜರಿಯದೂ ಬೇಡ. ಮೊದಲು ಅರ್ಥ್ ನೋಡಿ, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ.

ಡ್ರೈವರ್ ಸೀಟ್ ಹಿಂದೆ ಮುಂದೆ ಹೋಗಲ್ಲ, ಮೇಲೆ ಕೆಳಗೆ ಆಗಲ್ಲ, ಒರಗುವುದೂ ಇಲ್ಲ ಅಂತ ಬರೆದಿದ್ದೀರಿ. ಫ್ಯೂಸ್ ಚೆನ್ನಾಗಿದೆ. ಸೀಟಿನ ಕೆಳಗಿನ, ವೈರುಗಳನ್ನು ಜೋಡಿಸುವ ಕಪ್ಲರ್‌ನಲ್ಲಿ ಮೀಟರ್ 12 ವೋಲ್ಟ್ ತೋರಿಸಿದೆ. ಕರೆಂಟ್ ಬರ್ತಿದೆ, ಆದ್ದರಿಂದ ಮೋಟಾರ್ ಸೆಟ್ಟೇ ಹೋಗಿದೆ ಅಂತ ಗ್ಯಾರೇಜಿನವರು ಹೇಳಿದ್ದಾರೆ. ಇದೇ ಲೆಕ್ಕ ನಂಬಿ ನಾನು ದುಡ್ಡು ಕಳಕೊಂಡಿದ್ದೇನೆ. ಅದಕ್ಕೇ ಉದ್ದ ಆದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ನಮ್ಮದು ಚಿತ್ರದುರ್ಗದ ಹತ್ತಿರ, ಭೀಮಸಮುದ್ರದ ಕಡೆ ಅಡಿಕೆ ತೋಟ. ಮನೆಯಲ್ಲಿ ಒಂದು ಹಳೆ ಎಸ್‌ಯುವಿ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 2022ರ ಮಳೆ ನಿಮಗೂ ನೆನಪಿರಬಹುದು. 1933ರ ನಂತರ ಮೊದಲ ಸಲ ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಮ್ ಕೋಡಿ ಬಿದ್ದ ವರ್ಷ ಅದು. ಆಗ ನಮ್ಮ ಬೀದಿಯಲ್ಲಿ ನೀರು ನಿಂತು ಕಾರಿನೊಳಗೂ ನುಗ್ಗಿತು. ಜಾಸ್ತಿ ಏನಲ್ಲ, ಮ್ಯಾಟ್ ಮುಳುಗುವಷ್ಟು. ಮ್ಯಾಟ್ ತೆಗೆದು ಬಿಸಿಲಿಗೆ ಹಾಕಿದೆವು, ಬಾಗಿಲು ತೆರೆದಿಟ್ಟೆವು, ಒಣಗಿತು ಅಂದುಕೊಂಡೆವು.

ಸಂಕ್ರಾಂತಿ ಹೊತ್ತಿಗೆ ಸೀಟ್ ನಿಧಾನ ಆಯಿತು. ಬಟನ್ ಒತ್ತಿದರೆ ತೆವಳುತ್ತಿತ್ತು. ಆಮೇಲೆ ಒಂದೊಂದು ಸಲ ಬರುವುದು, ಒಂದೊಂದು ಸಲ ಇಲ್ಲ. ಕೊನೆಗೆ ನಾನು ಹುಬ್ಬಳ್ಳಿಗೆ ಹೋಗಿ ಬಂದ ರಾತ್ರಿ ಪೂರ್ತಿ ನಿಂತೇಹೋಯಿತು, ಅದೂ ನನ್ನ ಕಾಲಿಗೆ ಹೊಂದುವಂತೆ ತೀರಾ ಹಿಂದಕ್ಕೆ. ನಾನು ಎತ್ತರದ ಆಳು. ನನ್ನ ಹೆಂಡತಿ ಹೊಳಲ್ಕೆರೆಯಲ್ಲಿ ಟೀಚರ್, ದಿನಾ ಕಾರು ಓಡಿಸುವವಳು ಅವಳೇ. ಮಾರನೇ ದಿನ ಬೆನ್ನಿಗೆ ದಿಂಬು ಇಟ್ಟುಕೊಂಡು ಹೋದಳು. ಸಂಜೆ ಬಂದು, "ರೀ, ಕ್ಲಚ್ ಪೂರ್ತಿ ಒತ್ತೋಕೆ ಆಗ್ತಿಲ್ಲ, ಕಾಲ್ತುದಿ ಮಾತ್ರ ತಾಗುತ್ತೆ" ಅಂದಳು. ಬ್ರೇಕ್ ಕಥೆಯೂ ಅಷ್ಟೇ ಅಲ್ವಾ? ಆ ಭಯಕ್ಕೆ ನಾನು ಆತುರಕ್ಕೆ ಬಿದ್ದೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ದಿಂಬು ಇಟ್ಟುಕೊಂಡು ಓಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಜೋರಾಗಿ ಬ್ರೇಕ್ ಒತ್ತುವಾಗ ದಿಂಬು ಅದುಮಿಹೋಗುತ್ತದೆ, ಕಾಲು ಪೆಡಲಿನಿಂದ ದೂರ ಸರಿಯುತ್ತದೆ.

ನಾನೇ ಮಲ್ಟಿಮೀಟರ್ ಹಿಡಿದು ಕೂತೆ. ಕಪ್ಲರ್ ಬಿಚ್ಚಿ, ದಪ್ಪ ವೈರಿಗೆ ಕೆಂಪು ಕಡ್ಡಿ, ಕಪ್ಪು ವೈರಿಗೆ ಕಪ್ಪು ಕಡ್ಡಿ ಇಟ್ಟೆ. 12.5 ವೋಲ್ಟ್. ಸಪ್ಲೈ ಇದೆ, ಅರ್ಥ್ ಇದೆ, ಇನ್ನು ಉಳಿದಿದ್ದು ಸೀಟು ಮಾತ್ರ ಅಂತ ತೀರ್ಮಾನ ಮಾಡಿದೆ. ಗ್ಯಾರೇಜಿನವರೂ ಹೌದು ಅಂದರು. ಗುಜರಿಯಿಂದ ಅದೇ ಮಾಡೆಲ್‌ನ ಸೀಟಿನ ಅಡಿಭಾಗ ತರಿಸಿದೆ, ಮೋಟಾರು ಸ್ವಿಚ್ಚು ಎಲ್ಲಾ ಸೇರಿ. ಸಾವಿರಾರು ರೂಪಾಯಿ ಆಯಿತು.

ಹಾಕಿದ ದಿನ ಸೀಟು ಓಡಿತು! ಅಲ್ಲೇ ನಾನು ಇನ್ನೂ ದಾರಿ ತಪ್ಪಿದ್ದು. ವಾರ ಕಳೆಯುವುದರೊಳಗೆ ಮತ್ತೆ ನಿಂತಿತು. ಗುಜರಿ ಮಾಲು, ಅದೂ ಹೋಯಿತು ಅಂತ ಅಂಗಡಿಯವನ ಜೊತೆ ಜಗಳಕ್ಕೆ ನಿಂತೆ. ಅವನ ತಪ್ಪೇನೂ ಇರಲಿಲ್ಲ. ಸೀಟು ಎತ್ತಿ ಇಳಿಸುವಾಗ ವೈರ್ ಎಳೆದಾಡಿದ್ದೆವು. ಕಿಲುಬು ಹಿಡಿದ ಜಾಯಿಂಟ್ ಆ ಅಲುಗಾಟಕ್ಕೆ ಸ್ವಲ್ಪ ದಿನ ಕಚ್ಚಿಕೊಂಡಿತ್ತು, ಅಷ್ಟೇ. ಪಾರ್ಟ್ ಬದಲಿಸಿದ ತಕ್ಷಣ ಸರಿಹೋಯಿತು ಅಂದರೆ ಆ ಪಾರ್ಟೇ ಕೆಟ್ಟಿತ್ತು ಅಂತ ಹೇಳೋಕೆ ಆಗಲ್ಲ. ವೈರಿಂಗ್ ಕೆಲಸದಲ್ಲಿ ಇದನ್ನು ಯಾವತ್ತೂ ಮರೆಯಬೇಡಿ.

ಕೊನೆಗೆ ಯಾರೋ ಹೇಳಿದರು ಅಂತ ದಾವಣಗೆರೆಗೆ ಹೋದೆ. ಪಿ.ಬಿ. ರೋಡಿನಲ್ಲಿ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಸೀಟು ಮುಟ್ಟುವ ಮೊದಲೇ ಕೇಳಿದರು, "ಎಲ್ಲಾ ಮೋಟಾರೂ ಒಂದೇ ಸಲಕ್ಕೆ ನಿಂತವೇನು ತಮ್ಮಾ?"

"ಹೂಂ ಅಣ್ಣಾ, ಎಲ್ಲಾ ಒಟ್ಟಿಗೇ."

"ಹಂಗಾದ್ರೆ ಮೋಟಾರ್ ಮೇಲೆ ಯಾಕೆ ಅನುಮಾನ?"

ನಿಮಗೂ ನನ್ನದು ಇದೇ ಪ್ರಶ್ನೆ. ಹಿಂದೆ ಮುಂದೆ ಹೋಗಲು ಒಂದು ಮೋಟಾರ್, ಎತ್ತರಕ್ಕೆ ಬೇರೆ, ಒರಗಲು ಬೇರೆ. ಎಲ್ಲವೂ ಒಂದೇ ದಿನ ಸುಟ್ಟುಹೋಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಎಲ್ಲಕ್ಕೂ ಸೇರಿದ್ದು ಯಾವುದು? ಒಂದು ಸಪ್ಲೈ ವೈರ್, ಒಂದು ಅರ್ಥ್ ವೈರ್, ನಡುವಿನ ಕಪ್ಲರ್, ಸ್ವಿಚ್. ಹುಡುಕಬೇಕಾದ್ದು ಅಲ್ಲಿ.

ಅವರು ಮೀಟರ್ ತೆಗೆಯಲಿಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬ್, ಹೋಲ್ಡರಿಗೆ ಎರಡು ವೈರ್. ಒಂದು ತುದಿ ಸಪ್ಲೈಗೆ, ಇನ್ನೊಂದು ಕಪ್ಪು ವೈರಿಗೆ. ಬಲ್ಬಿನ ಫಿಲಮೆಂಟ್ ಊದುಬತ್ತಿ ತುದಿಯಷ್ಟು ಕೆಂಪಾಯಿತು, ಅದಕ್ಕಿಂತ ಜಾಸ್ತಿ ಇಲ್ಲ. ಕಪ್ಪು ವೈರಿನ ತುದಿಯನ್ನು ತೆಗೆದು, ಬಾಡಿಯ ಮೇಲೆ ಒಂದು ಕಡೆ ಪೇಂಟ್ ಕೆರೆದು ಅಲ್ಲಿ ಒತ್ತಿ ಹಿಡಿದರು. ಬಲ್ಬ್ ಝಗ್ ಅಂತ ಉರಿಯಿತು. ಸಪ್ಲೈ ಗಟ್ಟಿ ಇದೆ, ಅರ್ಥ್ ಸತ್ತಿದೆ. ಅಷ್ಟು ಬೇಗ ಗೊತ್ತಾಯಿತು.

ಆಮೇಲೆ ನನಗೆ ತೋರಿಸಲೆಂದೇ ಮೀಟರ್ ತೆಗೆದರು. ಕಪ್ಲರ್ ವಾಪಸ್ ಹಾಕಿ, ಒಂದು ಕಡ್ಡಿ ಕಪ್ಪು ವೈರಿನ ಹಿಂಬದಿಗೆ, ಇನ್ನೊಂದು ಕೆರೆದ ಜಾಗಕ್ಕೆ ಇಟ್ಟು, "ಈಗ ಸ್ವಿಚ್ ಒತ್ತು" ಅಂದರು. ಹತ್ತಿರ ಹತ್ತಿರ 10 ವೋಲ್ಟ್ ಬಂತು. ಒಳ್ಳೆಯ ಅರ್ಥ್ ಆಗಿದ್ದರೆ ಅಲ್ಲಿ 0.2 ವೋಲ್ಟ್ ಕೂಡ ಬರಬಾರದು. ಮೋಟಾರಿಗೆ ಸಿಗಬೇಕಾದ ವೋಲ್ಟೇಜನ್ನೆಲ್ಲಾ ಆ ಜಾಯಿಂಟ್ ನುಂಗುತ್ತಿತ್ತು.

ಹಾಗಾದರೆ ನನ್ನ ಮೀಟರ್ 12.5 ತೋರಿಸಿದ್ದು ಸುಳ್ಳಾ? ಸುಳ್ಳಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. ಡಿಜಿಟಲ್ ಮೀಟರಿನ ಒಳಗೆ ಸಾಮಾನ್ಯವಾಗಿ 10 ಮೆಗಾ ಓಮ್ ರೆಸಿಸ್ಟೆನ್ಸ್ ಇರುತ್ತದೆ. ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನಬಹುದು, ಮೈಕ್ರೋ ಆಂಪ್ ಲೆಕ್ಕ. ಕರೆಂಟ್ ಹರಿಯದಿದ್ದರೆ ಜಾಯಿಂಟ್ ಎಷ್ಟೇ ಕೆಟ್ಟಿರಲಿ, ಅಲ್ಲಿ ವೋಲ್ಟೇಜ್ ಬೀಳುವುದಿಲ್ಲ. ಕಿಲುಬಿನ ಜಾಯಿಂಟ್ 5 ಓಮ್ ಇದೆ ಅಂದುಕೊಳ್ಳಿ. ಮೀಟರಿಗೆ ಅದು ಕಾಣುವುದೇ ಇಲ್ಲ. ಆದರೆ 12 ವೋಲ್ಟಿನಲ್ಲಿ 5 ಓಮ್ ದಾಟಿ 2.4 ಆಂಪಿಗಿಂತ ಜಾಸ್ತಿ ಹರಿಯಲು ಸಾಧ್ಯವೇ ಇಲ್ಲ. ಮನುಷ್ಯ ಕೂತ ಸೀಟನ್ನು ತಳ್ಳುವ ಮೋಟಾರಿಗೆ ಅದು ಎಲ್ಲಿ ಸಾಕಾಗುತ್ತೆ? ಬಲ್ಬ್ ಹಾಗಲ್ಲ. 21 ವ್ಯಾಟಿನದು ಸುಮಾರು 1.75 ಆಂಪ್ ಎಳೆಯುತ್ತದೆ, ಜಾಯಿಂಟಿನ ಬಂಡವಾಳ ಹೊರಗೆ ಬರುತ್ತದೆ. ತೋಟದ ಬೋರ್‌ವೆಲ್ ಸ್ಟಾರ್ಟರ್ ಬೋರ್ಡಿನಲ್ಲಿ ಫೇಸ್ ನೋಡಲು ನಾವೆಲ್ಲ ಹೋಲ್ಡರಿಗೆ ಬಲ್ಬ್ ಹಾಕಿ ಹಿಡಿಯುತ್ತೇವೆ. ಟೆಸ್ಟರ್ ಉರಿದರೂ ಬಲ್ಬ್ ಉರಿಯದಿದ್ದರೆ ಲೈನ್ ಸರಿಯಿಲ್ಲ ಅಂತ ತೋಟದ ಕೆಲಸದವರಿಗೂ ಗೊತ್ತು. ಕಾರಿಗೂ ಅದೇ ನಿಯಮ ಅಂತ ನನಗೆ ಹೊಳೆಯಲಿಲ್ಲ.

ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು ಕಾರ್ಪೆಟ್ ಎತ್ತಿದರು. ಮೇಲೆ ಒಣ ಒಣ. ಅಡಿಯಲ್ಲಿನ ದಪ್ಪ ಫೆಲ್ಟ್ ಅದುಮಿದರೆ ಕೈಗೆ ತೇವ ಹತ್ತಿತು, ಮುಗ್ಗಲು ವಾಸನೆ. ಮಳೆಗಾಲದ ನೀರು ಅಲ್ಲೇ ಕೂತಿತ್ತು. ಅರ್ಥ್ ಬೋಲ್ಟ್ ಸ್ಪ್ಯಾನರಿಗೆ ಅಲುಗದಷ್ಟು ಟೈಟ್ ಇತ್ತು, ಮೇಲಿಂದ ನೋಡಿದವರು ಚೆನ್ನಾಗಿದೆ ಅಂತಲೇ ಹೇಳುತ್ತಿದ್ದರು. ಬಿಚ್ಚಿದಾಗ ಲಗ್ಗಿನ (ವೈರ್ ತುದಿಯ ಲೋಹದ ಬಳೆ) ಅಡಿ ಹಸಿರು ಕಿಲುಬು, ಬಾಡಿಯ ಮೇಲೆ ತುಕ್ಕಿನ ಪದರ. ವೈರಿನ ರಬ್ಬರ್ ಸೀಳಿದರೆ ತಾಮ್ರದ ಎಳೆಗಳು ಕಪ್ಪಾಗಿ ಪುಡಿಯಾಗುತ್ತಿದ್ದವು. ಒಳ್ಳೆಯ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ ಹೊಸ ಲಗ್ ಒತ್ತಿದರು. ಬಾಡಿಯನ್ನು ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. ಸೀಟು ಸರ್ರನೆ ಮುಂದೆ ಬಂತು. ನನ್ನ ಹಳೆಯ ಮೋಟಾರುಗಳು ಗುಜರಿ ಅಂಗಡಿ ಸೇರಿಬಿಟ್ಟಿದ್ದವು.

ಈಗ ನಿಮ್ಮ ಕಾರಿಗೆ ಬರೋಣ. ರಾತ್ರಿ ಒಳಗಿನ ಲೈಟ್ ಹಾಕಿ ಸ್ವಿಚ್ ಒತ್ತಿ. ಲೈಟ್ ಮಂಕಾಗಿ ಸೀಟು ಮಾತ್ರ ಅಲುಗದಿದ್ದರೆ ಕರೆಂಟ್ ಮೋಟಾರಿಗೆ ಹೋಗುತ್ತಿದೆ, ಸೀಟೇ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಲೆಕ್ಕ. ಹಳಿಯಲ್ಲಿ ನಾಣ್ಯ, ಪೆನ್ನು, ಮಕ್ಕಳ ಆಟದ ಸಾಮಾನು ಏನಾದರೂ ಇದೆಯಾ ಟಾರ್ಚ್ ಬಿಟ್ಟು ನೋಡಿ. ಲೈಟ್ ಸ್ವಲ್ಪವೂ ಕದಲದಿದ್ದರೆ, ಕ್ಲಿಕ್ ಸದ್ದೂ ಇಲ್ಲದಿದ್ದರೆ ಸಪ್ಲೈ ಅಥವಾ ಅರ್ಥ್ ಕಡೆ ಹೋಗಿ. ನೀವು ಬರೆದ ಲಕ್ಷಣ ನೋಡಿದರೆ ಹೀಗೇ ಇರುತ್ತದೆ ಅಂತ ನನ್ನ ನಂಬಿಕೆ.

ಕಪ್ಲರ್ ಮುಟ್ಟುವ ಮೊದಲು ಒಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಸೀಟಿನ ಕೆಳಗೆ ಹಳದಿ ಬಣ್ಣದ ಕಪ್ಲರ್ ಇದ್ದರೆ ಅದು ಏರ್‌ಬ್ಯಾಗಿನದು, ಇಲ್ಲವೇ ಸೀಟ್ ಬೆಲ್ಟ್ ಎಳೆಯುವ ಸಿಡಿಮದ್ದಿನದು. ಅದಕ್ಕೆ ಬಲ್ಬೂ ಬೇಡ, ಮೀಟರೂ ಬೇಡ, ಬೆರಳೂ ಬೇಡ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಏರ್‌ಬ್ಯಾಗ್ ಯೂನಿಟ್ ಒಳಗೆ ಚಾರ್ಜ್ ಉಳಿದಿರುತ್ತದೆ, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ನಾನಂತೂ 10 ನಿಮಿಷ ಬಿಡುತ್ತೇನೆ. ಆಮೇಲೆ ಸೀಟ್ ಮೋಟಾರಿನ ಕಪ್ಲರ್ ಮಾತ್ರ ಬಿಚ್ಚಿ, ಹಳದಿಯದನ್ನು ಹಾಗೇ ಬಿಟ್ಟು, ಬ್ಯಾಟರಿ ಮತ್ತೆ ಜೋಡಿಸಿ, ಬಲ್ಬ್ ಹಿಡಿಯಿರಿ. ಎಷ್ಟೋ ಕಾರುಗಳಲ್ಲಿ ಸೀಟಿನ ಸಪ್ಲೈ ಕೀ ತೆಗೆದರೂ ಇರುತ್ತದೆ. ಆಗ ಕೀ ಹಾಕದೆಯೇ ನೋಡಬಹುದು.

ಬಲ್ಬ್ ಕಪ್ಪು ವೈರಿಗೆ ಹಿಡಿದಾಗಲೂ ಬಾಡಿಗೆ ಹಿಡಿದಾಗಲೂ ಜೋರಾಗಿ ಉರಿದರೆ ಮಾತ್ರ ಸ್ವಿಚ್ ಮೇಲೆ ಅನುಮಾನಪಡಿ. ಮೆಮೊರಿ (ಸೀಟಿನ ಜಾಗ ನೆನಪಿಟ್ಟುಕೊಳ್ಳುವ ಬಟನ್) ಇಲ್ಲದ ಸಾದಾ ಸೀಟಿನಲ್ಲಿ, ಸ್ವಿಚ್ ಒತ್ತದಿದ್ದಾಗ ಮೋಟಾರಿನ ಎರಡೂ ವೈರ್ ಸಾಮಾನ್ಯವಾಗಿ ಅರ್ಥಿಗೆ ಸೇರಿರುತ್ತವೆ. ಒತ್ತಿದಾಗ ಒಂದಕ್ಕೆ 12 ವೋಲ್ಟ್ ಬರುತ್ತದೆ, ಎದುರು ದಿಕ್ಕಿಗೆ ಒತ್ತಿದರೆ ಇನ್ನೊಂದಕ್ಕೆ. ಮುಂದೆ ಹೋಗುತ್ತೆ, ಹಿಂದೆ ಬರಲ್ಲ ಅನ್ನುವ ಸೀಟಿನಲ್ಲಿ ಹೆಚ್ಚಾಗಿ ಸ್ವಿಚ್ಚಿನ ಪಾಯಿಂಟ್ ಸುಟ್ಟಿರುತ್ತದೆ, ಮೋಟಾರ್ ಚೆನ್ನಾಗೇ ಇರುತ್ತದೆ. ಎತ್ತರದ್ದು ಮಾತ್ರ ಎರಡೂ ದಿಕ್ಕಿಗೆ ಸತ್ತು ಉಳಿದವು ಓಡುತ್ತಿದ್ದರೆ ಆಗ ಆ ಒಂದು ಮೋಟಾರಿಗೆ ಫ್ಯೂಸ್ ಇರುವ ವೈರಿನಿಂದ ನೇರ ಬ್ಯಾಟರಿ ಕೊಟ್ಟು ಕ್ಷಣ ಹೊತ್ತು ನೋಡಿ. ಅದಕ್ಕೂ ತಿರುಗದಿದ್ದರೆ ಆ ಮೋಟಾರನ್ನು ತಗೊಳ್ಳಿ, ಅದೊಂದನ್ನೇ. ಮೆಮೊರಿ ಬಟನ್ ಇರುವ ಸೀಟಾದರೆ ನಡುವೆ ಕಂಟ್ರೋಲ್ ಯೂನಿಟ್ ಇರುತ್ತದೆ. ಅದರ ಸಣ್ಣ ವೈರುಗಳಿಗೆ ಬಲ್ಬ್ ಹಿಡಿಯಬೇಡಿ, ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಫ್ಯೂಸ್ ಹಾರುತ್ತಿದ್ದರೆ ದೊಡ್ಡದು ಹಾಕಬೇಡಿ, ತಂತಿ ಸುತ್ತುವುದಂತೂ ಬೇಡವೇ ಬೇಡ. ಕಾರ್ಪೆಟ್ ಕೆಳಗೆ ಬೆಂಕಿ ಹೊತ್ತಿಕೊಂಡರೆ ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಗ್ಯಾರೇಜಿನವರಿಗೆ ಸುಮ್ನೆ ಇಷ್ಟು ಕೇಳಿ: "ಸ್ವಿಚ್ ಒತ್ತಿ ಹಿಡಿದಾಗ ಅರ್ಥ್ ಕಡೆ ಎಷ್ಟು ವೋಲ್ಟ್ ಬೀಳುತ್ತೆ, ನನ್ನ ಮುಂದೆ ತೋರಿಸಿ." ತೋರಿಸಲು ಒಪ್ಪದವರ ಹತ್ತಿರ ಮೋಟಾರ್ ಹಾಕಿಸಬೇಡಿ. ಅರ್ಥ್ ಬೋಲ್ಟ್ ಬಿಚ್ಚಿದ ದಿನ ಕಾರ್ಪೆಟ್ಟಿನ ಅಡಿಯ ಫೆಲ್ಟನ್ನೂ ಪೂರ್ತಿ ಒಣಗಿಸಿ, ನೀರು ಎಲ್ಲಿಂದ ಬಂತು ಅಂತಲೂ ಹುಡುಕಿ. ಇಲ್ಲದಿದ್ದರೆ ಹೊಸ ಲಗ್ಗಿಗೂ ಕಿಲುಬು ಬರುತ್ತದೆ. ಬಲ್ಬ್ ಹಿಡಿದು ನೋಡಿದ ಮೇಲೆ ಮಂಕಾಗಿ ಉರಿಯಿತಾ, ಜೋರಾಗಿ ಉರಿಯಿತಾ, ನಿಮ್ಮ ಸೀಟಿಗೆ ಮೆಮೊರಿ ಬಟನ್ ಇದೆಯಾ ಅಂತ ಇಲ್ಲೇ ಬರೆಯಿರಿ.