ಎಲ್ಕ್ ಓಡದೆ ನಿಂತರೆ ಸಾಧು ಅಂದುಕೊಳ್ಳಬಹುದೇ?

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ ನಾನು, ನಮ್ಮನೆಯವರು ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಅಳಿಯ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ಕರೆದೊಯ್ಯುತ್ತಾರಂತೆ. ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಕಟ್ಟಡಗಳ ಮುಂದಿನ ಹುಲ್ಲಿನಲ್ಲೇ ಮಲಗಿರುತ್ತದಂತೆ. ಫೋಟೊದಲ್ಲಿ ನಮ್ಮ ಕಡವೆಯ ಹಾಗೇ ಕಾಣುತ್ತದೆ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರೆ ಅಪಾಯವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಪಕ್ಕದಲ್ಲಿ ಖಂಡಿತ ಬೇಡ. ನೀವು ಹೋಗುತ್ತಿರುವುದೇ ಅದರ ಬೆದೆಗಾಲದಲ್ಲಿ. ಸೆಪ್ಟೆಂಬರಿನಿಂದ ಅಕ್ಟೋಬರ್ ನಡುವಿನವರೆಗೆ ಗಂಡು ಎಲ್ಕ್‌ಗೆ ತಲೆ ನಿಲ್ಲುವುದಿಲ್ಲ. ಸುಮಾರು 320 ಕೆ.ಜಿ. ತೂಕ, ಭುಜದ ಹತ್ತಿರವೇ ಐದಡಿ ಎತ್ತರ. ಆ ಉದ್ಯಾನದ ಮ್ಯಾಮತ್ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ನಿಲ್ಲಿಸಿದ ಕಾರುಗಳಿಗೂ ಕೊಂಬಿನಿಂದ ತಿವಿದದ್ದಿದೆ.

ಕಡವೆ ನೋಡಿದ ಕಣ್ಣೇ ಇಲ್ಲಿ ನಮಗೆ ಮೋಸ ಮಾಡುತ್ತದೆ. ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರಿನ ದಡದಲ್ಲಿ ಕಡವೆಗೆ ನಮ್ಮ ಸುಳಿವು ಸಿಕ್ಕರೆ ಏನು ಮಾಡುತ್ತದೆ? ಕಿವಿ ನಿಮಿರಿಸಿ, ಬಾಲ ಎತ್ತಿ, ಮುಂಗಾಲನ್ನು ನೆಲಕ್ಕೆ ಕುಟ್ಟಿ, ಒಮ್ಮೆ ಜೋರಾಗಿ ಕೂಗಿ ಕಾಡು ಸೇರುತ್ತದೆ. ಯೆಲ್ಲೋಸ್ಟೋನಿನ ಎಲ್ಕ್‌ಗೆ ಜನ ನೋಡಿ ನೋಡಿ ಅಭ್ಯಾಸವಾಗಿದೆ, ಹಾಗಾಗಿ ಓಡುವುದಿಲ್ಲ. ಅದು ಸ್ನೇಹವಲ್ಲ.

ಅಲ್ಲಿನ ನಿಯಮದಂತೆ ಎಲ್ಕ್‌ನಿಂದ ಕನಿಷ್ಠ 23 ಮೀಟರ್ ದೂರ ಇರಬೇಕು. ನಿಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ತೋಟದಲ್ಲಿ ಒಂಬತ್ತು ಅಡಿಗೊಂದು ಅಡಿಕೆ ಮರ ಇರುತ್ತದಲ್ವಾ? ಒಂದು ಮರದ ಬುಡದಲ್ಲಿ ನಿಂತು ಅದೇ ಸಾಲಿನಲ್ಲಿ ಮುಂದಿನ ಒಂಬತ್ತನೆಯ ಮರ ನೋಡಿ. ಎಲ್ಕ್ ಅದಕ್ಕಿಂತ ಈಚೆ ಇರಬಾರದು. ಹೊರಡುವ ಮೊದಲು ತೋಟದಲ್ಲೇ ಒಂದು ಸಲ ನಿಂತು ನೋಡಿಕೊಳ್ಳಿ, ಕಣ್ಣಿಗೆ ಅಂದಾಜು ಸಿಗುತ್ತದೆ. ಕರಡಿ, ತೋಳಕ್ಕಾದರೆ 91 ಮೀಟರ್.

ಇಷ್ಟು ದೂರ ಇದ್ದರೂ ಅದೇ ನಿಮ್ಮ ಕಡೆ ನಡೆದು ಬರಬಹುದು. ಆಗ ಹಿಂದೆ ಸರಿಯಬೇಕಾದವರು ನೀವು. ತಲೆ ಎತ್ತಿ ಕಿವಿ ಹಿಂದಕ್ಕೆ ಒತ್ತಿದರೆ, ಹಲ್ಲು ಕಡಿದರೆ, ಕೊಂಬಿನಿಂದ ಪೊದೆ ಬಡಿಯತೊಡಗಿದರೆ ತಡ ಮಾಡಬೇಡಿ. ಮೇಲೆರಗಲು ಬಂದರೆ ಕಾರಿನೊಳಗೆ ಹೋಗಿ, ಇಲ್ಲವೇ ಗಟ್ಟಿ ಮರದ ಮರೆ ಸೇರಿ. ಗಂಡಿಗೂ ಅದರ ಹೆಣ್ಣುಗಳ ಗುಂಪಿಗೂ ನಡುವೆ ಮಾತ್ರ ಎಂದೂ ನುಗ್ಗಬೇಡಿ. ಹೆಣ್ಣೇನೂ ಕಡಿಮೆಯಲ್ಲ. ಮೇ-ಜೂನ್‌ನಲ್ಲಿ ಹೋಗುವವರು ಮರಿ ಬಚ್ಚಿಟ್ಟ ತಾಯಿಗೇ ಜಾಸ್ತಿ ಹೆದರಬೇಕು, ಮುಂಗಾಲಿನಿಂದ ಬಡಿಯುತ್ತದೆ.

ಸೆಲ್ಫಿಗೆಂದು ಬೆನ್ನು ತಿರುಗಿಸಬೇಡಿ. ತಿನ್ನಲು ಏನೂ ಕೊಡಬೇಡಿ. ಬಿದ್ದ ಕೊಂಬು ಸಿಕ್ಕರೂ ಅಲ್ಲೇ ಬಿಡಿ. ನಮ್ಮ ಹಳೇ ಮನೆಗಳ ಜಗಲಿಯಲ್ಲಿ ಕಡವೆ ಕೊಂಬು ನೋಡಿದವರಿಗೆ ಆಸೆಯಾಗುತ್ತದೆ, ಆದರೆ ಅಲ್ಲಿಂದ ತರುವುದು ಅಪರಾಧ.

ನೋಡಲು ಒಳ್ಳೆಯ ಜಾಗ ಕಾರೇ. ರಸ್ತೆ ಮಧ್ಯೆ ನಿಲ್ಲಿಸದೆ, ಪಕ್ಕದಲ್ಲಿ ವಾಹನ ನಿಲ್ಲಿಸಲೆಂದೇ ಬಿಟ್ಟ ಜಾಗಕ್ಕೆ ಹೋಗಲು ಅಳಿಯನಿಗೆ ಹೇಳಿ. ಒಂದು ದುರ್ಬೀನು ಜೊತೆಗಿರಲಿ. ಬೆಳಗಿನ ಜಾವ ಇಂಜಿನ್ ಆಫ್ ಮಾಡಿ, ಗಾಜು ಸ್ವಲ್ಪ ಇಳಿಸಿ ಸುಮ್ನೆ ಕೂತಿರಿ. ಗಂಡು ಕೂಗುವುದು ಕೇಳಿಸಬಹುದು. ತಗ್ಗಿನಲ್ಲಿ ಶುರುವಾಗಿ ಏರುತ್ತಾ ಏರುತ್ತಾ ಸಿಳ್ಳೆಯಾಗಿ, ಕೊನೆಗೆ ಗುರ್ ಗುರ್ ಎಂದು ನಿಲ್ಲುತ್ತದೆ. ಅಷ್ಟು ದೊಡ್ಡ ಪ್ರಾಣಿಯ ಗಂಟಲಿನಿಂದ ಅಷ್ಟು ಸಣ್ಣ ಸ್ವರ ಬರುತ್ತದೆಂದು ಮೊದಲ ಸಲ ಕೇಳಿದವರು ನಂಬುವುದಿಲ್ಲ.