ಗೆಳೆಯ ಕರೆದರೆ ಆ ಇಳಿಜಾರಿಗೆ ಹೋಗಲಾ?

ಪ್ರಶ್ನೆ: ನಾನು ಮಂಡ್ಯದವನು, ಮೈಸೂರಲ್ಲಿ ಕೆಲಸ. ಕಾಲೇಜಿನ ಗೆಳೆಯನ ಜೊತೆ ಎರಡು ಚಳಿಗಾಲ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿತೆ. ಕಳೆದ ಸಲ ರಾತ್ರಿಯಿಡೀ ಹಿಮ ಬಿದ್ದಿತ್ತು. ಬೆಳಿಗ್ಗೆ ಹಿಮಕುಸಿತದ ಎಚ್ಚರಿಕೆ ಐದರಲ್ಲಿ ಮೂರು. ಬೇಡ ಅಂದೆ. ‘ಮೂರು ತಾನೇ, ಪುಕ್ಕಲ’ ಅಂದ. ಸ್ಕೀ ಗಸ್ತಿನವರ ಕಾವಲಿರುವ ಜಾಗ ಬಿಟ್ಟು ಆಚೆ ಇಳಿದೆವು. ಏನೂ ಆಗಲಿಲ್ಲ. ಈ ಫೆಬ್ರವರಿಗೆ ಮತ್ತೆ ಟಿಕೆಟ್ ಮಾಡಿಸಿದ್ದಾನೆ. ಹೆದರಿದರೆ, ‘ಹನುಮಂತಪ್ಪ ಆರು ದಿನ ಹಿಮದಡಿ ಬದುಕಿರಲಿಲ್ವಾ’ ಅನ್ನುತ್ತಾನೆ. ಬರಲ್ಲ ಅಂದರೆ ಸ್ನೇಹ ಕೆಡುತ್ತೆ. ಏನು ಮಾಡಲಿ?

ಉತ್ತರ: ಮೊದಲು ಆ ಮೂರರ ವಿಷಯ. ಅದು ಪಾಸ್ ಮಾರ್ಕ್ಸ್ ಅಲ್ಲ. ಒಬ್ಬ ಸ್ಕೀಯರ್‌ನ ಭಾರಕ್ಕೇ ಇಳಿಜಾರು ಕಿತ್ತು ಬರಬಹುದು ಅಂತ ಅರ್ಥ. ನಾಲ್ಕು, ಐದು ಇದ್ದ ದಿನ ಜನ ರೂಮಲ್ಲೇ ಕೂರುತ್ತಾರೆ. ಮೂರರ ದಿನ ಬಿಸಿಲು ಬಿದ್ದಿರುತ್ತೆ, ಹೊಸ ಹಿಮ ಹೊಳೆಯುತ್ತಿರುತ್ತೆ, ಹೊರಟೇಬಿಡುತ್ತಾರೆ. ಯೂರೋಪಿನಲ್ಲಿ ಸ್ಕೀಯರ್‌ಗಳು ಜಾಸ್ತಿ ಸಾಯುವುದು ಇಂಥ ದಿನಗಳಲ್ಲೇ.

ನೀವು ಮಂಡ್ಯದವರು, ಹಾಗಾಗಿ ಸಕ್ಕರೆಯಲ್ಲೇ ಹೇಳುತ್ತೇನೆ. ಕೆಳಗಿನ ಹಳೇ ಹಿಮ ಕೆಲವು ಸಲ ಸಕ್ಕರೆ ಕಾಳಿನ ಹಾಗೆ ಉದುರುದುರಾಗಿ ಬಿಡುತ್ತೆ, ಒಂದಕ್ಕೊಂದು ಅಂಟಲ್ಲ. ಅದರ ಮೇಲೆ ಗಾಳಿ ತಂದು ಸುರಿದ ಹೊಸ ಹಿಮ ಹಲಗೆಯ ಹಾಗೆ ಗಟ್ಟಿಯಾಗಿ ಕೂರುತ್ತೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಆ ಹಲಗೆ ಜಾರಲು ನಿಮ್ಮ ಒಂದು ತಿರುವು ಸಾಕು. ಸ್ಕೀಯಿಂಗ್‌ಗೆ ಮಜಾ ಕೊಡೋದೂ ಇದೇ ಇಳಿಜಾರು, ನೋಡಿ! ಕಳೆದ ಸಲ ಏನೂ ಆಗಲಿಲ್ಲ ಅಂದರೆ ಆ ಹಲಗೆ ತೆಳುವಾಗಿರುವ ಜಾಗದ ಮೇಲೆ ನಿಮ್ಮ ಸ್ಕೀ ಹೋಗಲಿಲ್ಲ, ಅಷ್ಟೆ. 2023ರ ಫೆಬ್ರವರಿ 1ರಂದು ಗುಲ್ಮಾರ್ಗ್‌ನ ಅಫರ್ವಾಟ್ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ರಷ್ಯಾದವರೊಬ್ಬರು.

ಹನುಮಂತಪ್ಪ ಅವರ ಹೆಸರನ್ನು ಹೀಗೆ ಎಳೆದು ತರುವುದು ನನಗೆ ಹಿಡಿಸಲಿಲ್ಲ. 2016ರಲ್ಲಿ ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಹೂತುಹೋದ ಸೈನಿಕರು ಹತ್ತು ಜನ. ನಮ್ಮ ಎಚ್.ಡಿ. ಕೋಟೆ ಕಡೆಯ ಮಹೇಶ್ ಕೂಡ ಅದರಲ್ಲಿದ್ದರು. ಆರು ದಿನದ ಮೇಲೆ ಜೀವಂತ ಸಿಕ್ಕಿದ್ದು ಹನುಮಂತಪ್ಪ ಒಬ್ಬರೇ, ಅವರೂ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಾಮಾನ್ಯ ಲೆಕ್ಕ ದಿನದ್ದಲ್ಲ, ನಿಮಿಷದ್ದು. ಪೂರ್ತಿ ಮುಚ್ಚಿಹೋದವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಆಮೇಲೆ ಉಸಿರುಗಟ್ಟುತ್ತೆ. ಅಷ್ಟರಲ್ಲಿ ಕೆಳಗಿಂದ ಯಾರೂ ಬರಲಾರರು. ಅಗೆಯುವವನು ಆ ಗೆಳೆಯನೇ.

ಇದು ನನಗೆ ಗೊತ್ತಾಗಿದ್ದು ಮನಾಲಿ ಕಡೆ. ಆಗ ನನಗೆ ಮೂವತ್ತೆರಡು. ಯಜಮಾನರು ಮುಂದೆ, ನಾನು ಹಿಂದೆ, ಇಳಿಜಾರನ್ನು ಅಡ್ಡ ದಾಟುತ್ತಿದ್ದೆವು. ಒಬ್ಬರು ದಾಟುವವರೆಗೆ ಇನ್ನೊಬ್ಬರು ನಿಂತು ನೋಡಬೇಕಿತ್ತು, ಅದೂ ಮಾಡಲಿಲ್ಲ. ಕಾಲಡಿ ಹಿಮ ಧಸಕ್ ಅಂತ ಕೂತ ಸದ್ದು ನನಗೆ ಕೇಳಿಸಿತು. ಅಪಾಯದ ಸದ್ದು ಅಂತಲೂ ಗೊತ್ತಿತ್ತು. ‘ಇವಳದೊಂದು ಗೋಳು’ ಅಂದಾರು ಅಂತ ಸುಮ್ಮನಿದ್ದೆ. ಹತ್ತು ಹೆಜ್ಜೆ ಆದ ಮೇಲೆ ಇಳಿಜಾರು ಜಾರಿತು. ಅವರು ಎದೆವರೆಗೆ ಹೂತುಹೋದರು. ನಿಂತ ಹಿಮ ಸಿಮೆಂಟಿನ ಹಾಗೆ ಬಿಗಿಯುತ್ತೆ. ಸಲಿಕೆ ಇರಲಿಲ್ಲ. ಸ್ಕೀ ಹಲಗೆಯಿಂದ, ಕೈಯಿಂದ ಕೆದರಿ ಅವರನ್ನು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ತಲೆ ಮೇಲಿತ್ತು, ಬದುಕಿದರು. ಆ ಸದ್ದಿನ ವಿಷಯ ಅವರಿಗೆ ಹೇಳಿದ್ದು ಎರಡು ವರ್ಷದ ಮೇಲೆ, ಸರಸ್ವತಿಪುರಂ ಮನೆಯಲ್ಲಿ ಕಾಫಿ ಕುಡಿಯುವಾಗ. ಲೋಟ ಕೆಳಗಿಟ್ಟು ಎದ್ದು ಹೋದರು.

ಹಾಗಾಗಿ ಗೆಳೆಯನಿಗೆ ಈಗಲೇ, ಊರಲ್ಲೇ ಹೇಳಿ: ಇಬ್ಬರಲ್ಲಿ ಒಬ್ಬರು ಬೇಡ ಅಂದರೆ ಇಬ್ಬರೂ ಇಳಿಯುವಂತಿಲ್ಲ, ಕಾರಣ ಕೇಳುವಂತಿಲ್ಲ. ಒಪ್ಪಿದರೆ ಟ್ರಾನ್ಸಿವರ್ (ಹೂತವರು ಎಲ್ಲಿದ್ದಾರೆ ಅಂತ ಸಿಗ್ನಲ್‌ನಿಂದ ತೋರಿಸುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇಬ್ಬರಿಗೂ ಬೇಕು. ಟ್ರಾನ್ಸಿವರನ್ನು ಊರಲ್ಲಿ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟು ಅವನ ಕೈಲಿ ಹುಡುಕಿಸಿ, ಗಡಿಯಾರ ಹಿಡಿದುಕೊಂಡು. ಐದು ನಿಮಿಷದಲ್ಲಿ ಸಿಗದಿದ್ದರೆ ಫೆಬ್ರವರಿಯಲ್ಲಿ ಕಾವಲಿರುವ ಜಾಗದಲ್ಲೇ ಆಡಿ, ಮಧ್ಯೆ ಕೇಬಲ್ ಕಾರಿನ ಕಾಂಗ್‌ಡೂರಿ ನಿಲ್ದಾಣದಲ್ಲಿ ಇಳಿದು ಕಾಶ್ಮೀರಿ ಟೀ ಕಹ್ವಾ ಕುಡಿಯಿರಿ. ಅವನು ಒಪ್ಪದೆ ನಕ್ಕರೆ ನಿಮ್ಮ ಟಿಕೆಟ್ ಕ್ಯಾನ್ಸಲ್ ಮಾಡಿಸಿ.