ಹಾಸನದ ದೊಡ್ಡ ಮನೆ ಮಾರಿ ಬೆಂಗಳೂರಿನ ಹಿರಿಯರ ವಸತಿಗೆ ಹೋಗಬಹುದೇ?

ನಿಮ್ಮ ಪ್ರಶ್ನೆಯನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ಹಾಸನದಲ್ಲಿ ತಂದೆ ಕಟ್ಟಿಸಿದ ಎರಡು ಅಂತಸ್ತಿನ ಮನೆ, ಮಕ್ಕಳಿಬ್ಬರೂ ಹೊರಗೆ, ಹೆಂಡತಿಗೆ ಮಂಡಿನೋವು, ಖಾತೆ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಇದೆ. ಮಾರುವುದಂತೂ ತೀರ್ಮಾನವಾಗಿದೆ, ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳುವುದೋ, ಹಿರಿಯರ ವಸತಿ ಸಮುಚ್ಚಯಕ್ಕೆ ಸೇರುವುದೋ, ಮಗನ ಮನೆಗೆ ಹೋಗುವುದೋ ಎಂದು ಕೇಳಿದ್ದೀರಿ. 2018ರಲ್ಲಿ ನಾವೂ ಇದನ್ನೇ ಕೇಳಿಕೊಂಡು ಕುಳಿತಿದ್ದೆವು.

ನಮ್ಮದು ಚಿಕ್ಕಮಗಳೂರು. ಯಜಮಾನರು ಕಾಫಿ ಮಂಡಳಿಯಲ್ಲಿದ್ದರು, ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. 1987ರಲ್ಲಿ ಬಸವನಹಳ್ಳಿಯ ಕಡೆ ಮನೆ ಕಟ್ಟಿಸಿದೆವು. ಮುಂದೆ ಜಗಲಿ, ಐದು ಕೋಣೆ, ಮೇಲೆ ಅಟ್ಟ, ಹಿಂದೆ ಹಂಡೆ ಹೂತ ಬಚ್ಚಲುಮನೆ. ಅಡುಗೆಮನೆಯಿಂದ ಬಚ್ಚಲಿಗೆ ಇಳಿಯುವಲ್ಲಿ ಕಲ್ಲಿನ ಮೂರು ಮೆಟ್ಟಿಲುಗಳಿದ್ದವು. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ಆಷಾಢ ಬಂತೆಂದರೆ ಆ ಮೆಟ್ಟಿಲುಗಳ ಅಂಚಿನಲ್ಲಿ ಪಾಚಿ ಕಟ್ಟುತ್ತಿತ್ತು. ಪ್ರತಿ ವಾರ ಸುಣ್ಣದ ಪುಡಿ ಹಾಕಿ ಉಜ್ಜಿಸುತ್ತಿದ್ದೆ. 2017ರ ಮಳೆಗಾಲದಲ್ಲಿ ಒಂದು ಬೆಳಗಿನ ಜಾವ ಯಜಮಾನರು ಅಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು.

ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಈ ವಯಸ್ಸಿನಲ್ಲಿ ಇಷ್ಟು ದೊಡ್ಡ ಮನೆ ಯಾಕೆ? ಮಗಳು ಬೆಂಗಳೂರಿನಿಂದ ಬಂದು ಅತ್ತಳು. ಮಗ ಪುಣೆಯಿಂದ ದಿನಕ್ಕೆರಡು ಸಲ ಫೋನ್ ಮಾಡಿದ. ಅವರ ಕಾಳಜಿ ನಿಜವಾದದ್ದು, ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಆದರೆ ಮನೆ ದೊಡ್ಡದಾಗಿದ್ದುದರಿಂದ ಅವರು ಬೀಳಲಿಲ್ಲ, ಆ ಮೂರು ಮೆಟ್ಟಿಲುಗಳಿಂದ ಬಿದ್ದರು. ಮಲಗುವ ಕೋಣೆಗೆ ಹೊಂದಿಕೊಂಡಂತೆ ಒಂದು ಸ್ನಾನದ ಮನೆ, ಜಾರದ ನೆಲಹಾಸು, ಕುಳಿತುಕೊಳ್ಳುವ ಕಮೋಡು, ಗೋಡೆಗೆ ಎರಡು ಹಿಡಿಕೆ ಹಾಕಿಸಿದ್ದರೆ ಮುಗಿಯುತ್ತಿತ್ತು. ಗಾರೆಯವರ ಕೆಲಸವನ್ನು ಮನೆ ಮಾರಾಟದಿಂದ ಮಾಡಿಸಲು ಹೊರಟೆವು. ನೀವೂ ನಿಮ್ಮ ಪ್ರಶ್ನೆಯಲ್ಲಿ ಮನೆಯ ಚದರ ಲೆಕ್ಕ ಕೊಟ್ಟಿದ್ದೀರಿ, ಮಂಡಿನೋವಿನ ನಿಮ್ಮ ಮನೆಯವರು ದಿನಕ್ಕೆ ಎಷ್ಟು ಮೆಟ್ಟಿಲು ಹತ್ತಿ ಇಳಿಯುತ್ತಾರೆ ಎಂದು ಬರೆದಿಲ್ಲ. ನನಗೆ ಆ ಲೆಕ್ಕ ಬೇಕು.

2018ರ ಯುಗಾದಿಯ ಹೊತ್ತಿಗೆ ಮನೆ ಮಾರಿದೆವು. ಬೆಂಗಳೂರಿನ ಹೊರವಲಯದ ಒಂದು ಹಿರಿಯರ ವಸತಿ ಸಮುಚ್ಚಯವನ್ನು ಮಗಳು ನೋಡಿಟ್ಟಿದ್ದಳು. ಒಂದು ಮಲಗುವ ಕೋಣೆಯ ಮನೆ, ಲಿಫ್ಟ್, ಕರೆದರೆ ಬರುವ ದಾದಿ, ಊಟದ ಹಾಲ್. ದೊಡ್ಡ ಮೊತ್ತದ ಠೇವಣಿ, ಅದರ ಮೇಲೆ ತಿಂಗಳ ಶುಲ್ಕ, ಬಿಟ್ಟುಹೋಗುವಾಗ ಠೇವಣಿ ವಾಪಸು. ಮನೆ ಮಾರಿದ ಹಣ ಖಾತೆಗೆ ಬಂದ ತಿಂಗಳೊಳಗೆ ಅದರ ಬಹುಭಾಗವನ್ನು ಠೇವಣಿ ಕಟ್ಟಿದೆವು.

ನಾವು ಎಡವಿದ್ದು ಇಲ್ಲಿಯೇ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಹಳೆಯ ಮನೆ ಮಾರಿದಾಗ ಬಂದ ಹಣಕ್ಕೆಲ್ಲ ತೆರಿಗೆ ಇಲ್ಲ, ಲಾಭಕ್ಕೆ ಮಾತ್ರ. ನಮ್ಮದರಂತೆ 2001ಕ್ಕೆ ಮೊದಲಿನ ಮನೆಯಾದರೆ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಮೂಲ ಬೆಲೆಯೆಂದು ಹಿಡಿಯಬಹುದು. ಅದನ್ನು ಹಣದುಬ್ಬರದ ಸೂಚ್ಯಂಕದಿಂದ ಏರಿಸಿ, ಮಾರಿದ ಬೆಲೆಯಿಂದ ಕಳೆದರೆ ಉಳಿಯುವುದು ಲಾಭ. ಆಗ ಅದಕ್ಕೆ ಶೇ 20 ತೆರಿಗೆ ಇತ್ತು. ಈಗ, 2024ರ ಜುಲೈ 23ಕ್ಕೆ ಮೊದಲು ಕೈಗೆ ಬಂದ ಮನೆಯಾದರೆ, ಸೂಚ್ಯಂಕ ಹಿಡಿದು ಶೇ 20 ಅಥವಾ ಸೂಚ್ಯಂಕವಿಲ್ಲದೆ ಶೇ 12.5, ಎರಡರಲ್ಲಿ ಯಾವುದು ಕಡಿಮೆಯೋ ಅದು.

ಈ ತೆರಿಗೆಯನ್ನು ಪೂರ್ತಿ ಉಳಿಸುವ ದಾರಿಯನ್ನು ಕಾನೂನೇ ಕೊಟ್ಟಿದೆ. ಲಾಭದ ಮೊತ್ತದಲ್ಲಿ ಇನ್ನೊಂದು ವಾಸದ ಮನೆ ಕೊಳ್ಳಬೇಕು. ಮಾರುವುದಕ್ಕೆ ಒಂದು ವರ್ಷ ಮೊದಲು ಕೊಂಡಿದ್ದರೂ ನಡೆಯುತ್ತದೆ, ಮಾರಿದ ಎರಡು ವರ್ಷದೊಳಗೆ ಕೊಂಡರೂ ನಡೆಯುತ್ತದೆ, ಕಟ್ಟಿಸುವುದಾದರೆ ಮೂರು ವರ್ಷ ಸಮಯವಿದೆ. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಮನೆ ಸಿಗದಿದ್ದರೆ ಬ್ಯಾಂಕಿನಲ್ಲಿ ಬಂಡವಾಳ ಲಾಭದ ಖಾತೆ ಎಂದೇ ಒಂದು ಪ್ರತ್ಯೇಕ ಖಾತೆ ತೆರೆದು ಹಣ ಇಡಬೇಕು. ಮನೆಯೇ ಬೇಡವೆಂದರೆ ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ತೊಡಗಿಸಬಹುದು, ಐದು ವರ್ಷ ತೆಗೆಯುವಂತಿಲ್ಲ. ಇವುಗಳಲ್ಲಿ ಕಷ್ಟದ್ದು ಯಾವುದೂ ಇರಲಿಲ್ಲ.

ನಾವು ಇವುಗಳಲ್ಲಿ ಒಂದನ್ನೂ ಮಾಡಿರಲಿಲ್ಲ. ಒಂದು ಮನೆ ಕೊಟ್ಟು ಇನ್ನೊಂದು ಮನೆ ಪಡೆದೆವು, ಅಲ್ಲಿಗೆ ಸರಿಹೋಯಿತು ಎಂದೇ ಇಬ್ಬರೂ ನಂಬಿದ್ದೆವು. ಜುಲೈನಲ್ಲಿ ಲೆಕ್ಕಪರಿಶೋಧಕರ ಮುಂದೆ ಕರಾರುಪತ್ರ ಇಟ್ಟಾಗ ಅವರು ಪುಟಗಳನ್ನು ಎರಡು ಸಲ ತಿರುವಿ, "ಅಮ್ಮಾ, ಇದು ಭೋಗ್ಯ. ಕ್ರಯ ಅಲ್ಲ" ಎಂದರು. ಹಣ ಕಟ್ಟಿ ಭೋಗ್ಯಕ್ಕೆ ಹಾಕಿಕೊಂಡ ಮನೆ ಹೇಗೆ ನಮ್ಮದಾಗುವುದಿಲ್ಲವೋ ಇದೂ ಹಾಗೆಯೇ: ವಾಪಸು ಬರುವ ಠೇವಣಿಗೆ ಮನೆ ಕೊಂಡ ವಿನಾಯಿತಿ ಸಿಗುವುದಿಲ್ಲ. ಬಾಂಡ್‌ಗೆ ಇನ್ನೂ ಸಮಯವಿತ್ತು, ಆದರೆ ಹಾಕಲು ಕೈಯಲ್ಲಿ ಹಣವಿರಲಿಲ್ಲ, ಅದೆಲ್ಲ ಠೇವಣಿಯಲ್ಲಿ ಕುಳಿತಿತ್ತು. ಉಳಿದಿದ್ದ ಬ್ಯಾಂಕ್ ಠೇವಣಿ ಮುರಿದು ತೆರಿಗೆ ಕಟ್ಟಿದೆವು. ಅದು ನನ್ನ ಒಂದೂವರೆ ವರ್ಷದ ಪಿಂಚಣಿಗೆ ಸಮನಾದ ಹಣ. ಮೂವತ್ತು ವರ್ಷ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಹೇಳಿಕೊಟ್ಟವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದೇ ಕರಾರಿನ ಇನ್ನೊಂದು ಸಾಲು ಮುಂದೆ ಕಾಡಿತು. ಬಿಟ್ಟುಹೋದರೆ ಠೇವಣಿ ವಾಪಸು ಎಂದಷ್ಟೇ ನಮಗೆ ಬಾಯಲ್ಲಿ ಹೇಳಿದ್ದರು. ಬರೆದದ್ದು ಬೇರೆ: ಮುಂದಿನ ನಿವಾಸಿ ಬಂದು ಠೇವಣಿ ಕಟ್ಟಿದ ಮೇಲೆ, ದುರಸ್ತಿಯ ಬಾಬತ್ತು ಮುರಿದುಕೊಂಡು, ವಾಪಸು. ಕೊರೊನಾ ಬಂದಾಗ ಮಗಳು ಅದೇ ಊರಿನಲ್ಲಿದ್ದರೂ ಗೇಟಿನ ಒಳಗೆ ಬಿಡಲಿಲ್ಲ. ಅದಕ್ಕೆ ನಾನು ಅವರನ್ನು ದೂರುವುದಿಲ್ಲ, ಒಳಗಿದ್ದವರೆಲ್ಲ ವಯಸ್ಸಾದವರು. ಊಟವನ್ನು ಬಾಗಿಲಿಗೇ ತಂದಿಟ್ಟು ಹೋಗುತ್ತಿದ್ದರು. ಯಜಮಾನರು ಮಾತು ಕಡಿಮೆ ಮಾಡಿದರು. ಊರಿನಲ್ಲಿದ್ದಾಗ ಸಂಜೆಯಾದರೆ ರತ್ನಗಿರಿ ಬೋರೆಯವರೆಗೆ ನಡೆದು, ದಾರಿಯಲ್ಲಿ ನಾಲ್ಕು ಜನರ ಹತ್ತಿರ ಕಾಳುಮೆಣಸಿನ ದರ ಮಾತಾಡಿ ಬರುತ್ತಿದ್ದ ಮನುಷ್ಯ ಅವರು. 2021ರಲ್ಲಿ ಊರಿಗೆ ಹಿಂದಿರುಗುತ್ತೇವೆ ಎಂದೆವು. ಹೊಸಬರು ಯಾರೂ ಸೇರುತ್ತಿರಲಿಲ್ಲವಾದ್ದರಿಂದ ಠೇವಣಿ ಕೈಗೆ ಬರಲು ವರ್ಷದ ಮೇಲಾಯಿತು. ಅಷ್ಟರಲ್ಲಿ ನಮ್ಮ ಹಳೆಯ ಮನೆಯಂಥದ್ದನ್ನು ಚಿಕ್ಕಮಗಳೂರಿನಲ್ಲಿ ಕೊಳ್ಳುವುದು ನಮ್ಮ ಶಕ್ತಿಗೆ ಮೀರಿತ್ತು.

ಈಗ ಹಳೆಯ ಮನೆಯಿಂದ ಎರಡು ರಸ್ತೆ ಆಚೆ, ನೆಲಮಹಡಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಮೆಟ್ಟಿಲು ಒಂದೂ ಇಲ್ಲ. ಮಾಲೀಕರ ಅನುಮತಿ ಪಡೆದು ನಮ್ಮ ಖರ್ಚಿನಲ್ಲಿ ಸ್ನಾನದ ಮನೆಗೆ ಹಿಡಿಕೆ ಹಾಕಿಸಿಕೊಂಡೆವು. ಔಷಧಿ ಅಂಗಡಿಯ ಹುಡುಗನಿಗೆ ಯಜಮಾನರ ಮಾತ್ರೆಗಳ ಹೆಸರು ಬಾಯಿಪಾಠ. ಕೆಲಸಕ್ಕೆ ಬರುವವಳು ಹದಿನೈದು ವರ್ಷದಿಂದ ಗೊತ್ತಿರುವವಳು. ಒಂದು ದಿನ ನಾವು ಹಾಲು ತೆಗೆದುಕೊಳ್ಳದಿದ್ದರೆ ಎದುರುಮನೆಯವರು ಬಾಗಿಲು ತಟ್ಟುತ್ತಾರೆ. ಚಿಕ್ಕ ಮನೆ ನಮಗೆ ಹಿತವಾಗಿಯೇ ಇದೆ, ಅದನ್ನು ಒಪ್ಪುತ್ತೇನೆ. ಅದಕ್ಕಾಗಿ ಊರು ಬಿಡಬೇಕಾಗಿರಲಿಲ್ಲ.

ಆದ್ದರಿಂದ ನೀವು ಕೊಟ್ಟಿರುವ ಮೂರು ಆಯ್ಕೆಗಳಲ್ಲಿ ಒಂದನ್ನು ಆರಿಸಲು ನನಗೆ ಮನಸ್ಸಿಲ್ಲ. ಮಾರುವುದು ತೀರ್ಮಾನವಾಗಿದೆ ಎಂಬ ಮಾತನ್ನೇ ಮೊದಲು ಹಿಂದಕ್ಕೆ ತೆಗೆದುಕೊಳ್ಳಿ. ಮೇಲಿನ ಅಂತಸ್ತಿಗೆ ಹೊರಗಿನಿಂದ ಮೆಟ್ಟಿಲಿದ್ದರೆ ಅಥವಾ ಹಾಕಿಸಲು ಜಾಗವಿದ್ದರೆ, ಒಂದು ಒಳ್ಳೆಯ ಸಂಸಾರಕ್ಕೆ ಬಾಡಿಗೆಗೆ ಕೊಡಿ. ಬಾಡಿಗೆಯೂ ಬರುತ್ತದೆ, ರಾತ್ರಿ ಕೂಗಿದರೆ ಓಗೊಡಲು ಜನರೂ ಇರುತ್ತಾರೆ. ನೀವಿಬ್ಬರೂ ಕೆಳಗೆ ಎರಡೇ ಕೋಣೆಯಲ್ಲಿ ಇದ್ದು ನೋಡಿ. ಮನೆ ಮಾರದೆ ಮನೆ ಚಿಕ್ಕದಾಗುತ್ತದೆ. ಅಟ್ಟ ಖಾಲಿ ಮಾಡುವ ಕೆಲಸವನ್ನೂ ಈಗಲೇ ಶುರುಮಾಡಿ, ಅದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ನಮ್ಮ ಅತ್ತೆಯವರ ಹಿತ್ತಾಳೆ ಕೊಳಗಗಳನ್ನು, ಮಕ್ಕಳಿಬ್ಬರೂ ಮಲಗಿದ ಬೀಟೆಯ ತೊಟ್ಟಿಲನ್ನು ಮನೆ ಬಿಡುವ ಗಡಿಬಿಡಿಯಲ್ಲಿ ಹಳೇ ಸಾಮಾನಿನವರಿಗೆ ತೂಕಕ್ಕೆ ಕೊಟ್ಟೆ. ಮೊಮ್ಮಗಳು ಹುಟ್ಟಿದಾಗ ಮಗಳು ಆ ತೊಟ್ಟಿಲನ್ನು ಕೇಳಿದಳು.

ಹಾಸನದಲ್ಲಿ ನಿಮಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಊರೊಳಗೇ ಇದೆ. 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಮಾರ್ಗವಿದೆ, ಮಗ ಬರಲಿ, ನೀವು ಹೋಗಿ ಬನ್ನಿ. ಮಗನ ಮನೆಯಲ್ಲಿ ಕಾಯಂ ಇರುವ ವಿಚಾರ ನಿಮ್ಮ ಸೊಸೆಯ ಜೊತೆ ಮಾತಾಡಬೇಕಾದದ್ದು, ಅಪರಿಚಿತಳಾದ ನನ್ನ ಜೊತೆ ಅಲ್ಲ. ಬೆಂಗಳೂರಿನ ಫ್ಲಾಟ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅರವತ್ತೈದರ ಮೇಲೆ ಹೊಸ ನೆರೆಹೊರೆ ಸಂಪಾದಿಸುವುದು ಹಣದಿಂದ ಆಗುವ ಕೆಲಸವಲ್ಲ.

ಹಿರಿಯರ ವಸತಿಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಮಕ್ಕಳಿಲ್ಲದ ಒಬ್ಬ ವಿಧವೆ ಇದ್ದರು, ಅವರಿಗೆ ಅದು ನಿಜಕ್ಕೂ ಆಸರೆಯಾಗಿತ್ತು. ಹೋಗುವುದೇ ಆದರೆ ಸ್ವಂತ ಮನೆಗೆ ಬೀಗ ಹಾಕಿ, ಅಲ್ಲಿ ಕೆಲವು ತಿಂಗಳು ಬಾಡಿಗೆಗೆ ಇದ್ದು ನೋಡಿ. ಕ್ರಯವೋ, ಠೇವಣಿಯೋ, ಬಾಡಿಗೆಯೋ ಎಂಬುದನ್ನು ಬರಹದಲ್ಲಿ ಕೇಳಿ. ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರ ಹಕ್ಕೇನು, ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುತ್ತಾರೆಯೇ, ಠೇವಣಿ ಇಂತಿಷ್ಟು ದಿನದೊಳಗೆ ವಾಪಸು ಎಂದು ತಾರೀಕಿನ ಲೆಕ್ಕದಲ್ಲಿ ಬರೆದಿದೆಯೇ ಎಂದು ನೋಡಿ. ನಿವೃತ್ತರ ವಸತಿಗಳಿಗೆ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಕರಾರನ್ನು ಓದಿ.

ಯಾರಾದರೂ "ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಬಿಡಿ" ಎಂದರೆ ಅವಸರಪಡಬೇಡಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸದಿದ್ದರೆ ಅದನ್ನು ಸಾಬೀತುಪಡಿಸಲು ಅಲೆಯಬೇಕಾಗುತ್ತದೆ. ನನ್ನನ್ನು ಕೇಳಿದರೆ ದಾನಪತ್ರವೇ ಬೇಡ, ಉಯಿಲು ಸಾಕು. ನಿಮ್ಮ ಜೀವ ಇರುವವರೆಗೆ ಮನೆ ನಿಮ್ಮ ಕೈಯಲ್ಲಿರಲಿ.

ಕೊನೆಯದಾಗಿ ಖಾತೆಯ ವಿಷಯ. ಅದನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ. ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಮನೆಯಲ್ಲಿ ನಿಮ್ಮಷ್ಟೇ ಪಾಲು ನಿಮ್ಮ ತಾಯಿಗೂ ಅಕ್ಕತಂಗಿಯರಿಗೂ ಇದೆ, ಅವರಿಗೆ ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ ಸರಿ. ಅವರ ಸಹಿ ಇಲ್ಲದೆ ನೀವು ಮಾರಲು ಹೊರಟರೆ ತಿಳಿದ ಕೊಳ್ಳುವವರು ಹಿಂದೆ ಸರಿಯುತ್ತಾರೆ, ತಿಳಿಯದವರು ಕೊಂಡರೆ ಆಮೇಲೆ ದಾವೆ ಬರುತ್ತದೆ. ಅರವತ್ತು ದಾಟಿದವರು ಸ್ವಂತ ಮನೆಯಲ್ಲೇ ಇದ್ದುಕೊಂಡು ಬ್ಯಾಂಕಿನಿಂದ ನಿಗದಿತ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಎಂಬ ಸಾಲವಿದೆ. ಮನೆ ನಿಮ್ಮ ಹೆಸರಿನಲ್ಲಿ ಸ್ಪಷ್ಟವಾಗಿಲ್ಲದೆ ಅದೂ ಸಿಗುವುದಿಲ್ಲ. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಬರುವುದಿಲ್ಲ ಎಂಬುದೂ ಗೊತ್ತಿರಲಿ, ಅದು ಕಂದಾಯ ಕಟ್ಟುವವರ ದಾಖಲೆ ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಒಟ್ಟುಮಾಡಿ. ಅಕ್ಕತಂಗಿಯರನ್ನು ಫೋನಿನಲ್ಲಿ ಕೇಳಬೇಡಿ, ಮನೆಗೆ ಕರೆಯಿರಿ, ಊಟಕ್ಕೆ ಕೂರಿಸಿ ಮಾತಾಡಿ, ಅವರ ಪಾಲಿಗೆ ಏನು ಬೇಕೆಂದು ಅವರ ಬಾಯಿಂದಲೇ ಕೇಳಿ. ವಿಭಾಗಪತ್ರವೋ ಹಕ್ಕು ಬಿಡುಗಡೆ ಪತ್ರವೋ, ಯಾವುದಾದರೂ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಅದು ಮುಗಿಯುವವರೆಗೆ ಯಾರಿಂದಲೂ ಮುಂಗಡ ತೆಗೆದುಕೊಳ್ಳಬೇಡಿ, ಬೆಂಗಳೂರಿನಲ್ಲಿ ಯಾರಿಗೂ ಮುಂಗಡ ಕೊಡಬೇಡಿ. ಅಷ್ಟರಲ್ಲಿ ಗಾರೆಯವರನ್ನು ಕರೆಸಿ ಸ್ನಾನದ ಮನೆಯ ಕೆಲಸ ಶುರುಮಾಡಿಸಿ, ಅದಕ್ಕೆ ಯಾರ ಸಹಿಯೂ ಬೇಕಾಗಿಲ್ಲ.